ಆಲಿಕೆ ಸಭೆಗೆ ಹೋದರೆ ಏನಾದರೂ ಉಪಯೋಗ ಇದೆಯಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಗೆ. ಊರ ಹತ್ತಿರ ಸಕ್ಕರೆ ಕಾರ್ಖಾನೆ ಬರುತ್ತದಂತೆ. ಪರಿಸರ ಸಾರ್ವಜನಿಕ ಆಲಿಕೆ ಸಭೆ ಅಂತ ಪೇಪರಿನಲ್ಲಿ ಬಂದಿದೆ. "ವರದಿ ಮಾಡಿಸುವವರೇ ಕಂಪನಿಯವರು, ಎಲ್ಲಾ ಮೊದಲೇ ಮುಗಿದಿರುತ್ತದೆ, ಸುಮ್ನೆ ಒಂದು ದಿನದ ಕೆಲಸ ಕೆಡುತ್ತದೆ" ಅಂತಾರೆ ನಮ್ಮ ಅಪ್ಪ. ನೀವು ಇಂಥ ವರದಿಗಳಿಗೆ ಕೆಲಸ ಮಾಡಿದವರು. ನಿಜ ಹೇಳಿ, ಹೋಗಬೇಕಾ?

ಉತ್ತರ: ಹೋಗಲೇಬೇಕು ತಂಗೀ. ಅಪ್ಪ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಪರಿಸರ ಪರಿಣಾಮ ವರದಿಗೆ, ಅಂದರೆ ಇಐಎಗೆ, ಹಣ ಕೊಡುವುದು ಕಂಪನಿಯೇ. ವರದಿಯಿಂದಲೇ ಕಾರ್ಖಾನೆ ರದ್ದಾಗಿದ್ದು ಬಹಳ ಕಡಿಮೆ. 2011ರಲ್ಲಿ ಗದಗ ಜಿಲ್ಲೆ ಹಳ್ಳಿಗುಡಿಯ ಪೋಸ್ಕೋ ಉಕ್ಕಿನ ಕಾರ್ಖಾನೆ ಯೋಜನೆಯ ಭೂಸ್ವಾಧೀನ ಕೈಬಿಟ್ಟಿದ್ದು ರೈತರು ಮತ್ತು ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಹೋರಾಟಕ್ಕೆ ಇಳಿದ ಮೇಲೆ.

ಆದರೆ ವರದಿಯಲ್ಲಿ ಏನು ತಪ್ಪಿಹೋಗುತ್ತದೆ ಅನ್ನುವುದು ನನಗೆ ಗೊತ್ತು. ನೀರು, ಗಾಳಿ, ಮಣ್ಣಿನ ಮಾದರಿಯನ್ನು ಸಾಮಾನ್ಯವಾಗಿ ಒಂದೇ ಹಂಗಾಮಿನಲ್ಲಿ, ಮೂರು ತಿಂಗಳು ತೆಗೆಯುತ್ತೇವೆ. ಅದೂ ಮಳೆಗಾಲ ಬಿಟ್ಟು. ಬೇಸಿಗೆಯಲ್ಲಿ ಬಂದವರಿಗೆ ಬೆಣ್ಣಿಹಳ್ಳ ಅಂದರೆ ಒಣ ಹಳ್ಳ, ಜಾಲಿಕಂಟಿ, ಅಷ್ಟೇ. ಅದೇ ಹಳ್ಳ ಜೋರು ಮಳೆ ಬಂದಾಗ ಎರಿಹೊಲಕ್ಕೆ ನುಗ್ಗಿ ಬೆಳೆ ಕೊಚ್ಚಿಕೊಂಡು ಹೋಗುತ್ತದೆ, ಮುಂದೆ ಮಲಪ್ರಭೆಗೆ ಸೇರುತ್ತದೆ. ಕಾರ್ಖಾನೆಯ ಕೊಳೆನೀರಿನ ಹೊಂಡವನ್ನು ಆ ನೀರು ಬರುವ ದಾರಿಯಲ್ಲೇ ತೋಡಿದರೆ? ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗೊತ್ತಿರುವುದು ನಿಮ್ಮ ಅಪ್ಪನಿಗೆ. ಅವರನ್ನೂ ಕರೆದುಕೊಂಡು ಹೋಗಿ.

ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಹೀಗೇ ಆಗಿತ್ತು. ಒಬ್ಬ ಅಜ್ಜ ಎದ್ದು ನಿಂತು, ಹಿಂದಿನ ನೆರೆಯಲ್ಲಿ ನೀರು ಯಾವ ಬದುವಿನ ತನಕ ಬಂದಿತ್ತು ಅಂತ ಹೇಳಿದರು. ನಾವು ಮತ್ತೆ ಅಳತೆ ಮಾಡಿದೆವು. ಹೊಂಡದ ಜಾಗ ಬದಲಾಯಿತು. ನಾಲ್ಕು ಸಲ ಆ ಹೊಲ ತಿರುಗಿದ್ದ ನಮಗೆ ಅದು ಕಂಡಿರಲೇ ಇಲ್ಲ.

ಸಭೆಗೆ ಮೊದಲು 30 ದಿನ ಸಮಯ ಕೊಡಬೇಕು. ಅಷ್ಟರಲ್ಲಿ ಡಿಸಿ ಆಫೀಸಿಗೋ ಜಿಲ್ಲಾ ಪಂಚಾಯತಿಗೋ ಹೋಗಿ ವರದಿ ನೋಡಿ. ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಸುತ್ತಲಿನ 10 ಕಿ.ಮೀ. ನಕ್ಷೆಯಲ್ಲಿ ನಿಮ್ಮ ಕುಡಿಯುವ ನೀರಿನ ಕೆರೆ, ಹಳ್ಳ, ಶಾಲೆ ಇದೆಯಾ ನೋಡಿ.

ಸಭೆಯಲ್ಲಿ "ಕಾರ್ಖಾನೆ ಬೇಡ" ಅಂತಷ್ಟೇ ಕೂಗಿದರೆ "ಗ್ರಾಮಸ್ಥರು ವಿರೋಧಿಸಿದರು" ಅಂತ ಒಂದು ಸಾಲು ಆಗುತ್ತದೆ. ಸರ್ವೆ ನಂಬರ್, ನೆರೆ ಬಂದ ವರ್ಷ, ಫೋಟೋ ಇಟ್ಟು ಕೇಳಿದರೆ ಕಂಪನಿ ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ಇಡೀ ಸಭೆಯ ವಿಡಿಯೋ ಆಗುತ್ತದೆ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಕೇಳಿ. ಬರಹದಲ್ಲೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಇನ್ನೊಂದು ಮಾತು. ಇಐಎ ಕಡ್ಡಾಯ ಮಾಡುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಲ್ಲಿ ಸಕ್ಕರೆ ಕಾರ್ಖಾನೆ ಬರುವುದು ದಿನಕ್ಕೆ 5000 ಟನ್ ಅಥವಾ ಅದಕ್ಕಿಂತ ಜಾಸ್ತಿ ಕಬ್ಬು ಅರೆಯುವುದಾದರೆ ಮಾತ್ರ. ಅದಕ್ಕಿಂತ ಚಿಕ್ಕ ಕಾರ್ಖಾನೆಯ ಪಕ್ಕದ ಊರಿನವರಿಗೆ ಇಂಥ ಸಭೆಯೂ ಸಿಗದೆ ಹೋಗಬಹುದು. ನಿಮಗೆ ಸಿಕ್ಕಿದೆ ಅಲ್ವಾ, ಬಿಡಬೇಡಿ.

ಮರುಪ್ರಶ್ನೆ: ಇಷ್ಟೆಲ್ಲಾ ಮಾಡಿಯೂ ಅನುಮತಿ ಸಿಕ್ಕೇಬಿಟ್ಟರೆ ಸರ್?

ಉತ್ತರ: ಅನುಮತಿ ಪತ್ರದಲ್ಲಿ ಷರತ್ತುಗಳಿರುತ್ತವೆ. ಅದರ ಪ್ರತಿ ತಂದು ಪಂಚಾಯತಿಯಲ್ಲಿ ಇಟ್ಟುಕೊಳ್ಳಿ. ಷರತ್ತು ಪಾಲಿಸಿದ್ದಕ್ಕೆ ಕಂಪನಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಅದನ್ನು ಹಳ್ಳದ ದಂಡೆಗೆ ನಿಂತು ಓದಿ, ಸುಳ್ಳಿದ್ದರೆ ಫೋಟೋ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಅನುಮತಿಯೇ ತಪ್ಪು ಅನಿಸಿದರೆ ಪರಿಸರದ ಕೇಸು ನೋಡುವ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡವಾದರೆ ಕಾರಣ ತೋರಿಸಿ ಇನ್ನೂ 60 ದಿನ ಕೇಳಬಹುದು, ಆಮೇಲೆ ಬಾಗಿಲು ಮುಚ್ಚಿತು. ಸಭೆಯಲ್ಲಿ ಕೊಟ್ಟ ಪತ್ರದ ಸ್ವೀಕೃತಿ ಆಗ ಬಹಳ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಓದಿ ಹೇಳಿದೆ ಸರ್. ನೀರು ಹನುಮಪ್ಪನ ಗುಡಿ ಕಟ್ಟೆ ತನಕ ಬಂದಿತ್ತು, ಬರಕೋ ಅಂದರು. ಬರೆಯುತ್ತಾ ಇದ್ದೇನೆ.