ತುರ್ತು ಗರ್ಭನಿರೋಧಕ ಮಾತ್ರೆಗೆ ತಡವಾಯಿತೇ?

ಪ್ರಶ್ನೆ: ಮುಟ್ಟು ಆರಂಭವಾದ 12ನೆಯ ದಿನ, ಅಂದರೆ ಮೊನ್ನೆ ರಾತ್ರಿ, ಕಾಂಡೋಮ್ ಇಲ್ಲದೆ ಸಂಪರ್ಕವಾಯಿತು, 40 ಗಂಟೆ ಕಳೆದ ಮೇಲೆ ಮಾತ್ರೆಯಿಂದ ಪ್ರಯೋಜನವಿದೆಯೇ?

ಉತ್ತರ 1: ಖಂಡಿತ ಇದೆ, ಆದರೆ ಈಗಲೇ ತೆಗೆದುಕೊಳ್ಳಿ. ವೀರ್ಯಾಣುಗಳು ದೇಹದೊಳಗೆ 5 ದಿನಗಳವರೆಗೆ ಬದುಕಬಲ್ಲವಾದ್ದರಿಂದ ಅಂಡಾಣು ಇನ್ನೂ ಬಿಡುಗಡೆಯಾಗದಿದ್ದರೂ ಗರ್ಭ ನಿಲ್ಲುವ ಸಾಧ್ಯತೆಯಿದೆ, ಈ ಮಾತ್ರೆಯಲ್ಲಿರುವ ಹಾರ್ಮೋನ್, 1.5 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್, ಆ ಬಿಡುಗಡೆಯನ್ನೇ ಮುಂದೂಡುತ್ತದೆ, 72 ಗಂಟೆಯೊಳಗೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. (ಇದು ಗರ್ಭಪಾತದ ಮಾತ್ರೆಯಲ್ಲ, ಹಲವರು ಹಾಗೆಂದುಕೊಳ್ಳುತ್ತಾರೆ.)

ಉತ್ತರ 2: ಅಂಡಾಣು ಈಗಾಗಲೇ ಬಿಡುಗಡೆಯಾಗಿದ್ದರೆ ಮಾತ್ರೆ ಕೆಲಸ ಮಾಡದು. 5 ದಿನದೊಳಗೆ ವೈದ್ಯರು ಗರ್ಭಕೋಶದಲ್ಲಿ ಅಳವಡಿಸುವ ಕಾಪರ್ ಟಿ ಎಂಬ ಪುಟ್ಟ ಸಾಧನ ಹೆಚ್ಚು ಖಚಿತ. ನನ್ನ ಮಟ್ಟಿಗೆ ಅದನ್ನೇ ಮೊದಲು ವಿಚಾರಿಸಬೇಕು.

ಪ್ರಶ್ನೆ ಕೇಳಿದವರು: ಮಾತ್ರೆ ನುಂಗಿದ್ದೇನೆ, ವಾಂತಿಯಾದರೆ ಏನು ಮಾಡಲಿ?

ಉತ್ತರ 1: 2–3 ಗಂಟೆಯೊಳಗಾದರೆ ಮತ್ತೊಂದು ಬೇಕಾಗುತ್ತದೆ. ಮುಟ್ಟು ಬಾರದಿದ್ದರೆ ಸಂಪರ್ಕವಾಗಿ 3 ವಾರಗಳ ನಂತರ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.