ಎಮ್‌ಜಿಬಿ ಸಿಕ್ಕಿದೆ, ಎಂಜಿನ್ ಜಾಮ್: ರಿಪೇರಿ ಮಾಡಲಾ, ಬಿಡಿಭಾಗಕ್ಕೆ ಬಿಚ್ಚಲಾ?

ಹಳೇಚಕ್ರ:
1972ರ ಎಮ್‌ಜಿಬಿ ರೋಡ್‌ಸ್ಟರ್ ಸಿಕ್ಕಿದೆ, ಬ್ರಿಟನ್ನಿನ ಹಳೇ ತೆರೆದ ಸ್ಪೋರ್ಟ್ಸ್ ಕಾರು. ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತ ಗಾಡಿ. ಎಂಜಿನ್ ಜಾಮ್, ತಳ್ಳಿದರೂ ಕದಲುವುದಿಲ್ಲ. ಬಣ್ಣ ಮಾತ್ರ ಚೆನ್ನಾಗಿದೆ. ನನ್ನ ಹತ್ತಿರ ಇನ್ನೊಂದು ಎಮ್‌ಜಿಬಿ ಇದೆ. ಅದಕ್ಕೋಸ್ಕರ ಇದನ್ನು ಬಿಚ್ಚಲಾ, ಇಲ್ಲ ಇದನ್ನೇ ಓಡಿಸಬಹುದಾ?

ಸ್ಪ್ಯಾನರ್:
ಎಂಜಿನ್ ಆಮೇಲೆ, ಮೊದಲು ಸಿಲ್ ನೋಡಿ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಭಾಗ ಅದು. ಎಮ್‌ಜಿಬಿಗೆ ಬೇರೆ ಚಾಸಿ ಇಲ್ಲ, ರೋಡ್‌ಸ್ಟರ್‌ಗೆ ತಗಡಿನ ಛಾವಣಿಯೂ ಇಲ್ಲ. ಗಾಡಿ ನಡುವೆ ಬಾಗದಂತೆ ಹಿಡಿದಿರೋದೇ ಸಿಲ್.

ಸಿಲ್ ಉದ್ದಕ್ಕೂ ಅಯಸ್ಕಾಂತ ಹಿಡಿಯಿರಿ. ಅಂಟದ ಕಡೆ ಪುಟ್ಟಿ ತುಂಬಿರುತ್ತಾರೆ. ಬಾಗಿಲು ಮುಚ್ಚಿ, ಸಂದು ನೋಡಿಕೊಂಡು, ಪಕ್ಕದಿಂದ ಜ್ಯಾಕ್ ಎತ್ತಿ. ಸಂದು ಕಿರಿದಾದರೆ ಅಥವಾ ಬಾಗಿಲು ಬಿಗಿಯಾದರೆ ಒಳಗಿನ ತಗಡು ತುಕ್ಕು ತಿಂದಿದೆ. ತುಕ್ಕಿನ ಮೇಲೇ ಹೊಸ ತಗಡು ಬೆಸೆದು ಮಾರುವವರು ಇದ್ದಾರೆ, ಅದಕ್ಕೆ ಕೆಳಗೆ ಮಲಗಿ ನೋಡಲೇಬೇಕು. ಸೀಟಿನ ಹಿಂದಿನ ಮುಚ್ಚಳವನ್ನೂ ತೆಗೆಯಿರಿ. ನಿಮ್ಮ ವರ್ಷದ ಗಾಡಿಗೆ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿ. ಅವುಗಳ ಪೆಟ್ಟಿಗೆ ತೂತು ಬಿದ್ದಿರುವುದೇ ಜಾಸ್ತಿ.

ಇನ್ನು, ಗೇರ್ ನ್ಯೂಟ್ರಲ್‌ನಲ್ಲಿದ್ದೂ ತಳ್ಳಿದರೆ ಕದಲದಿದ್ದರೆ ಅದು ಎಂಜಿನ್ ದೋಷ ಅಲ್ಲ. ಬ್ರೇಕ್ ಹಿಡಿದಿರಬೇಕು. ಅದನ್ನು ಬಿಡಿಸಿ. ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕೆಲವು ದಿನ ಹಾಗೇ ಬಿಡಿ. ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಾಡಿಸಿ. ಸ್ಟಾರ್ಟರ್ ಮುಟ್ಟಬೇಡಿ, ಪಿಸ್ಟನ್ ರಿಂಗ್ ಮುರಿಯಬಹುದು.

ಹಳೇಚಕ್ರ:
ನೀವು ಹೇಳಿದ್ದು ಸರಿ ಸರ್. ಹಿಂದಿನ ಬ್ರೇಕ್ ಡ್ರಮ್ ಹಿಡಿದಿತ್ತು. ಎಣ್ಣೆ ಹಾಕಿದ ಮೇಲೆ ಎಂಜಿನ್ ಕೂಡ ಸ್ವಲ್ಪ ತಿರುಗಿತು. ಆದರೆ ಎರಡೂ ಸಿಲ್ಲಿನಲ್ಲಿ ಬರೀ ಪುಟ್ಟಿ. ಜ್ಯಾಕ್ ಎತ್ತಿದ್ರೆ ಬಾಗಿಲು ತೆಗೆಯೋಕೇ ಆಗಲಿಲ್ಲ.

ಸ್ಪ್ಯಾನರ್:
ಹಾಗಾದರೆ ಬಿಚ್ಚಿ. ಎಂಜಿನ್ ತಿರುಗಿತು ಅಂತ ಆಸೆ ಪಡಬೇಡಿ, ಸಿಲ್ ಬದಲಿಸುವುದು ತುಂಬಾ ದೊಡ್ಡ ಕೆಲಸ. ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬೆಸೆಯದೆ ಕತ್ತರಿಸಿದರೆ ಇಡೀ ಬಾಡಿಯೇ ಸೊಟ್ಟಗಾಗುತ್ತದೆ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇರುವ ಗೇರ್‌ಬಾಕ್ಸ್ ಆಗಿದ್ದರೆ ಅದನ್ನೇ ಮೊದಲು ಜೋಪಾನ ಮಾಡಿ. ಎಸ್‌ಯು ಕಂಪನಿಯ ಜೋಡಿ ಕಾರ್ಬ್ಯುರೇಟರ್, ವಿಂಡ್‌ಸ್ಕ್ರೀನ್ ಚೌಕಟ್ಟು, ಕ್ರೋಮ್ ಬಂಪರ್, ಮೀಟರ್‌ಗಳು ಕೂಡ. 1974ರ ಕೊನೆಗೆ ಕಪ್ಪು ರಬ್ಬರ್ ಬಂಪರ್ ಬಂತು, ಹಾಗಾಗಿ ಕ್ರೋಮ್ ಸಾಮಾನಿಗೆ ಬೆಲೆ ಇದೆ. ವೈರಿಂಗ್ ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ.

ಹಳೇಚಕ್ರ:
ಸರಿ. ರಿಪೇರಿಗೆ ಒಂದು ಒಳ್ಳೇ ಗಾಡಿ ಎಲ್ಲಿ ಹುಡುಕೋದು?

ಸ್ಪ್ಯಾನರ್:
ಜಾಹೀರಾತಿಗಿಂತ ಹಳೇ ಮೆಕ್ಯಾನಿಕ್‌ಗಳನ್ನು ಕೇಳಿ. ಯಾರ ಶೆಡ್ಡಿನಲ್ಲಿ ಏನು ನಿಂತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಹಳೇ ಕಾರು ಕ್ಲಬ್‌ಗಳ ಹಿರಿಯ ಸದಸ್ಯರನ್ನೂ ವಿಚಾರಿಸಿ. ಮಣ್ಣಿನ ನೆಲದ ಮೇಲೆ ಟಾರ್ಪಾಲಿನ್ ಹೊದಿಸಿದ ಗಾಡಿ ಬೇಡ, ತೇವ ಒಳಗೇ ಉಳಿದಿರುತ್ತದೆ. ಒಣ ಶೆಡ್ಡಿನಲ್ಲಿ ಬಣ್ಣ ಮಾಸಿ ನಿಂತದ್ದು ಎಷ್ಟೋ ವಾಸಿ. ದುಡ್ಡು ಕೊಡುವ ಮುಂಚೆ ದಾಖಲೆಯಲ್ಲಿರುವ ನಂಬರ್, ಗಾಡಿಯಲ್ಲಿರುವ ನಂಬರ್ ಎರಡನ್ನೂ ತಾಳೆ ನೋಡಿ.