ಯೂನಿಯನ್ ‘ಬಾಸ್’ಗೆ ಪುಢಾರಿ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮೂರು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ನೆರವು ಬೇಕು. ಅಮೆರಿಕದಲ್ಲಿ ಚುನಾವಣೆ ಹೊತ್ತಿಗೆ ಟಿವಿಯಲ್ಲಿ ಕಾರ್ಮಿಕ ಸಂಘಗಳ ಪರವಾಗಿಯೂ ವಿರುದ್ಧವಾಗಿಯೂ ಜಾಹೀರಾತುಗಳು ಬರುತ್ತವೆ. ಅಂಥ ಕೆಲವನ್ನು ಕನ್ನಡಕ್ಕೆ ತಂದು, ಅವುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇವನ್ನು ಕೊಡುವವರು ಅಭ್ಯರ್ಥಿಗಳಲ್ಲ, ಪಕ್ಷಗಳೂ ಅಲ್ಲ. ಒಂದು ಕಡೆ ಯೂನಿಯನ್‌ಗಳು, ಇನ್ನೊಂದು ಕಡೆ ವ್ಯಾಪಾರಸ್ಥರ ಮತ್ತು ಮಾಲೀಕರ ಕೂಟಗಳು, ಜೊತೆಗೆ ಇದಕ್ಕೆಂದೇ ಕಟ್ಟಿಕೊಂಡ ಗುಂಪುಗಳು. 1996ರಲ್ಲಿ ಎಎಫ್‌ಎಲ್-ಸಿಐಒ ಎಂಬ ದೊಡ್ಡ ಒಕ್ಕೂಟ 35 ಮಿಲಿಯನ್ ಡಾಲರ್ ಖರ್ಚು ಮಾಡ್ತೀವಿ ಅಂತ ಹೇಳಿಯೇ ಕಣಕ್ಕೆ ಇಳಿದಿತ್ತು. ಅದರಲ್ಲಿ ದೊಡ್ಡ ಪಾಲು ಜಾಹೀರಾತಿಗೇ ಹೋಯಿತು. ಎದುರಿನವರೂ ಸುಮ್ನೆ ಕೂರಲಿಲ್ಲ. ಜಾಹೀರಾತು ಇರೋದು 30 ಸೆಕೆಂಡು, ಹಾಗಾಗಿ ಒಂದೊಂದು ಪದವನ್ನೂ ಅಳೆದು ತೂಗಿ ಇಟ್ಟಿರುತ್ತಾರೆ. ಅದನ್ನು ಕನ್ನಡಕ್ಕೆ ತರುವಾಗ ಆ ತೂಕ ಉಳಿಯಬೇಕು ಅನ್ನೋದು ನನ್ನ ಆಸೆ.

ಮೊದಲನೆಯದು ‘ಯೂನಿಯನ್ ಬಾಸ್’. ಸಂಘಗಳ ವಿರುದ್ಧದ ಜಾಹೀರಾತಿನಲ್ಲಿ ‘ಲೀಡರ್’ ಅನ್ನೋ ಮಾತು ಸಿಗೋದೇ ಅಪರೂಪ, ಅಲ್ಲಿ ಎಲ್ಲರೂ ಬಾಸ್‌ಗಳೇ. 2008ರ ಸೆನೆಟ್ ಚುನಾವಣೆಯಲ್ಲಿ ಮಿನ್ನೆಸೋಟಾ, ಮೇಯ್ನ್ ರಾಜ್ಯಗಳಲ್ಲಿ ಒಂದು ಜಾಹೀರಾತು ಬಂದಿತ್ತು. ಕೊಟ್ಟದ್ದು ಮಾಲೀಕರ ಕಡೆಯ ‘ಕೋಯಲಿಷನ್ ಫಾರ್ ಎ ಡೆಮಾಕ್ರಟಿಕ್ ವರ್ಕ್‌ಪ್ಲೇಸ್’. ಅರ್ಧಕ್ಕಿಂತ ಜಾಸ್ತಿ ಕಾರ್ಮಿಕರು ಕಾರ್ಡಿಗೆ ಸಹಿ ಹಾಕಿದರೆ ಸಾಕು, ಗುಪ್ತ ಮತದಾನ ಇಲ್ಲದೆಯೇ ಸಂಘಕ್ಕೆ ಮಾನ್ಯತೆ ಸಿಗಲಿ ಎನ್ನುವ ಮಸೂದೆ ಆಗ ಚರ್ಚೆಯಲ್ಲಿತ್ತು. 2007ರಲ್ಲಿ ಕೆಳಮನೆ ಅದನ್ನು ಒಪ್ಪಿತ್ತು, ಸೆನೆಟ್‌ನಲ್ಲಿ ನಿಂತುಹೋಗಿತ್ತು. ಅದನ್ನು ವಿರೋಧಿಸುವ ಈ ಜಾಹೀರಾತಿನಲ್ಲಿ ಯೂನಿಯನ್ ಬಾಸ್ ಪಾತ್ರಕ್ಕೆ ಯಾರನ್ನು ಹಾಕಿಕೊಂಡರು ಗೊತ್ತಾ? ಟಿವಿ ಧಾರಾವಾಹಿಯಲ್ಲಿ ಮಾಫಿಯಾ ನಾಯಕನಾಗಿ ಮನೆಮಾತಾಗಿದ್ದ ನಟ ವಿನ್ಸೆಂಟ್ ಕುರಾಟೋಲಾ ಅವರನ್ನು. ಆ ಮುಖ ಕಂಡ ಕೂಡಲೇ ನೋಡುವವರಿಗೆ ಅರ್ಧ ಕತೆ ಗೊತ್ತಾಯಿತು. ‘ಬಾಸ್’ ಪದದ ಒಳಗೆ ಇರೋದೂ ಅದೇ ವಾಸನೆ.

ಈಗ ಇದನ್ನು ‘ಕಾರ್ಮಿಕ ಮುಖಂಡ’ ಅಂತ ಬರೆದರೆ ಆ ವಾಸನೆ ಪೂರ್ತಿ ಹೋಗುತ್ತದೆ. ‘ಬಾಸ್’ ಅಂತಲೇ ಬಿಟ್ಟರೆ ಇನ್ನೂ ಕಷ್ಟ. ನಮ್ಮಲ್ಲಿ ಆಟೋದವರು ‘ಎಲ್ಲಿಗೆ ಬಾಸ್’ ಅಂತಾರೆ, ಅಭಿಮಾನಿಗಳು ತಮ್ಮ ಹೀರೋನ ಬಾಸ್ ಅಂತಾರೆ. ‘ಯೂನಿಯನ್ ಬಾಸ್’ ಅಂದರೆ ಕನ್ನಡದ ಕಿವಿಗೆ ಹೊಗಳಿದ ಹಾಗೇ ಕೇಳಿಸುತ್ತದೆ. ‘ಯಜಮಾನ’ ಮರ್ಯಾದೆಯ ಪದ. ‘ಧಣಿ’ ಅಂದರೆ ಜಮೀನಿನ ಒಡೆಯ, ಅದು ಮಾಲೀಕರ ಕಡೆಗೇ ಹೋಯಿತು. ‘ಪಾಳೇಗಾರ’ ಪತ್ರಿಕೆಯವರ ಬೈಗುಳದಲ್ಲಿ ಇದೆ ನಿಜ, ಆದರೆ ಚಿತ್ರದುರ್ಗದ ಕಡೆಯವರ ಮುಂದೆ ಹೇಳಿ ನೋಡಿ, ಅವರಿಗೆ ಅದು ಹೆಮ್ಮೆ.

ನನಗೆ ಹತ್ತಿರ ಅನ್ನಿಸಿರೋದು ‘ಪುಢಾರಿ’. ಇದಕ್ಕೆ ಒಂದು ಕಾರಣ ಇದೆ. ನಮ್ಮಪ್ಪ ಬೆಂಗಳೂರಿನ ಒಂದು ಸಾರ್ವಜನಿಕ ಉದ್ಯಮದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1980-81ರಲ್ಲಿ ಆ ಕಾರ್ಖಾನೆಗಳೆಲ್ಲ 77 ದಿನ ಮುಷ್ಕರ ಮಾಡಿದಾಗ ಅವರೂ ಅದರಲ್ಲಿದ್ದರು. ಸಂಬಳ ಇಲ್ಲ, ಅಂಗಡಿಯ ಸಾಲದ ಪುಸ್ತಕದಲ್ಲೇ ಮನೆ ನಡೆಯಿತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಸಂಘದ ಮುಂದೆ ನಿಂತವರೊಬ್ಬರನ್ನು ಅಪ್ಪ ‘ನಮ್ಮ ಲೀಡರ್ರು’ ಅನ್ನುತ್ತಿದ್ದರು, ಬಹುವಚನದಲ್ಲೇ. ಅದೇ ಮನುಷ್ಯನ ಮೇಲೆ ಸಿಟ್ಟು ಬಂದ ದಿನ ಮಾತ್ರ ಟವೆಲ್ ಕೊಡವಿ ಕುರ್ಚಿಯ ಮೇಲೆ ಹಾಕಿ, ‘ಅವನೊಬ್ಬ ಪುಢಾರಿ’ ಅನ್ನುತ್ತಿದ್ದರು. ಒಬ್ಬನೇ ಮನುಷ್ಯ, ಎರಡು ಪದ. ಪದ ಬದಲಾದ ಕೂಡಲೇ ಏಕವಚನವೂ ಬರುತ್ತಿತ್ತು. ಆ ಜಾಹೀರಾತುಗಳಲ್ಲಿ ‘ಲೀಡರ್’ ಹೋಗಿ ‘ಬಾಸ್’ ಬರೋದೂ ಹೀಗೇ ಅಲ್ವಾ?

ಆದರೂ ಪೂರ್ತಿ ಒಪ್ಪಿಗೆ ಆಗಿಲ್ಲ. ಪುಢಾರಿಯಲ್ಲಿ ಸಣ್ಣತನ ಇದೆ, ಭಯ ಇಲ್ಲ. ಇನ್ನೊಂದು ವಿಷಯ. ಬಾಸ್ ಪದ ಡಚ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಮೂಲದಲ್ಲಿ ಕೆಲಸ ಕೊಡುವ ಯಜಮಾನ ಅಂತಲೇ ಅರ್ಥ. ಇವತ್ತಿಗೂ ಕಾರ್ಮಿಕನಿಗೆ ಬಾಸ್ ಅಂದರೆ ತನ್ನ ಮೇಲಿನವನು. ಮಾಲೀಕರು ದುಡ್ಡು ಕೊಟ್ಟು ಜಾಹೀರಾತು ಮಾಡಿಸಿ, ‘ನಿನ್ನ ನಿಜವಾದ ಬಾಸ್ ನಾವಲ್ಲ, ಆ ಸಂಘದವನು’ ಅಂತ ಕಾರ್ಮಿಕನಿಗೆ ಹೇಳಿದ ಹಾಗಾಯಿತು. ಪುಢಾರಿ ಪದಕ್ಕೆ ಈ ಕೆಲಸ ಮಾಡಕ್ಕಾಗಲ್ಲ. ಎರಡೂ ಅರ್ಥ ಹೊರುವ ಪದ ನಿಮಗೆ ಹೊಳೆದರೆ ದಯವಿಟ್ಟು ಹೇಳಿ.

ಎರಡನೆಯದು ‘ರೈಟ್ ಟು ವರ್ಕ್’. ಇದು ನನ್ನನ್ನು ಜಾಸ್ತಿ ಕಾಡಿದ ಪದ, ಯಾಕಂದ್ರೆ ಇದರ ನೇರ ಕನ್ನಡ ತುಂಬ ಸುಲಭ, ಮತ್ತು ಪೂರ್ತಿ ತಪ್ಪು. ‘ಕೆಲಸದ ಹಕ್ಕು’ ಅಂದರೆ ನಮಗೆ ಏನು ಅರ್ಥ? ಸರ್ಕಾರ ಕೆಲಸ ಕೊಡಬೇಕು ಅನ್ನೋದು. ಸಂವಿಧಾನದ 41ನೇ ವಿಧಿಯಲ್ಲಿ ಇರೋದು ಈ ಅರ್ಥವೇ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಬಗ್ಗೆ ಮಾತಾಡುವಾಗ ನಾವು ಬಳಸಿದ್ದೂ ಅದನ್ನೇ. ಅಮೆರಿಕದಲ್ಲಿ ಈ ಹೆಸರಿನ ಕಾನೂನು ಯಾರಿಗೂ ಕೆಲಸ ಕೊಡಿಸಲ್ಲ. ಕೆಲಸದಲ್ಲಿ ಉಳಿಯಲು ಸಂಘಕ್ಕೆ ಹಣ ಕಟ್ಟಲೇಬೇಕು ಎಂಬ ಷರತ್ತನ್ನು ಒಪ್ಪಂದದಲ್ಲಿ ಹಾಕುವಂತಿಲ್ಲ ಅನ್ನುತ್ತದೆ, ಅಷ್ಟೇ. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆ ಇಂಥ ಕಾನೂನು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು, ಈಗ 26 ರಾಜ್ಯಗಳಲ್ಲಿ ಇದೆ. ಈ ಮಾತು ಚಳವಳಿಯ ಘೋಷಣೆಯಾದದ್ದು 1941ರಲ್ಲಿ ಡಲ್ಲಾಸ್‌ನ ಪತ್ರಿಕೆಯೊಂದು ಬರೆದ ಸಂಪಾದಕೀಯದಿಂದ. ಮಾರ್ಟಿನ್ ಲೂಥರ್ ಕಿಂಗ್ 1961ರಲ್ಲೇ ಇದನ್ನು ಸುಳ್ಳು ಘೋಷಣೆ ಅಂತ ಕರೆದು, ಇದರಿಂದ ಮೋಸಹೋಗಬೇಡಿ ಅಂದಿದ್ದರು.

ನಮ್ಮೂರ ಹಬ್ಬದ ವಂತಿಗೆ ನೆನೆಸಿಕೊಂಡರೆ ಜಗಳ ತಿಳಿಯುತ್ತದೆ. ಸಂಘ ಮಾಡಿಕೊಂಡ ಒಪ್ಪಂದದ ಸಂಬಳ, ರಜೆ ಎಲ್ಲರಿಗೂ ಸಿಗುತ್ತದೆ, ಚಂದಾ ಕೊಡದವರಿಗೂ. ‘ವಂತಿಗೆ ಕೊಡದೆ ಊಟಕ್ಕೆ ಮಾತ್ರ ಬರ್ತಾರೆ’ ಅಂತ ಸಂಘದವರು. ‘ನನಗೆ ಆ ಹಬ್ಬವೇ ಬೇಡ, ನನ್ನ ಸಂಬಳಕ್ಕೆ ಯಾಕೆ ಕೈ ಹಾಕ್ತೀರಿ’ ಅಂತ ಇನ್ನೊಂದು ಕಡೆಯವರು. 2018ರ ಆಗಸ್ಟ್‌ನಲ್ಲಿ ಮಿಸ್ಸೂರಿಯಲ್ಲಿ ಇದನ್ನು ಮತಕ್ಕೆ ಹಾಕಿದಾಗ ನೂರಕ್ಕೆ 67 ಮಂದಿ ಬೇಡ ಅಂದರು. ನಾನು ಸದ್ಯಕ್ಕೆ ಜಾಹೀರಾತಿನ ಬಾಯಲ್ಲಿ ‘ದುಡಿಯುವ ಸ್ವಾತಂತ್ರ್ಯ’ ಅಂತಲೂ, ನನ್ನ ವಿವರಣೆಯಲ್ಲಿ ‘ಕಡ್ಡಾಯ ಚಂದಾ ನಿಷೇಧ’ ಅಂತಲೂ ಬರೆದಿದ್ದೇನೆ. ಒಂದೇ ಕಾನೂನಿಗೆ ಎರಡು ಹೆಸರು ಕೊಟ್ಟರೆ ಓದುಗರು ದಾರಿ ತಪ್ಪುತ್ತಾರಾ? ನನಗಂತೂ ಎರಡೂ ಬೇಕು ಅನ್ನಿಸುತ್ತದೆ. ಘೋಷಣೆಯ ಹೊಳಪೂ ಕಾಣಬೇಕು, ಒಳಗಿನ ವಿಷಯವೂ ಕಾಣಬೇಕು.

ಮೂರನೆಯದು ಬರೀ ‘ನೋ’. 2011ರಲ್ಲಿ ಅಮ್ಮ ನಮ್ಮ ಜೊತೆ ಒಹಾಯೊದಲ್ಲಿದ್ದರು. ಆ ವರ್ಷ ಅಲ್ಲಿನ ಗವರ್ನರ್ ಜಾನ್ ಕೇಸಿಕ್ ಸರ್ಕಾರಿ ನೌಕರರ ಸಂಘಗಳ ಚೌಕಾಸಿ ಹಕ್ಕನ್ನು, ಅಂದರೆ ಸಂಬಳ, ಷರತ್ತುಗಳ ಬಗ್ಗೆ ಎಲ್ಲರ ಪರವಾಗಿ ಮಾತುಕತೆ ನಡೆಸುವ ಹಕ್ಕನ್ನು, ಕತ್ತರಿಸುವ ಕಾನೂನಿಗೆ ಸಹಿ ಹಾಕಿದ್ದರು, ಅದು ಉಳಿಯಬೇಕಾ ಬೇಡವಾ ಅಂತ ನವೆಂಬರ್‌ನಲ್ಲಿ ಜನರ ಮತಕ್ಕೆ ಬಂತು. ಹೆಸರು ‘ಇಶ್ಯೂ 2’. ಟಿವಿಯಲ್ಲಿ ಒಬ್ಬರು ಮುತ್ತಜ್ಜಿ ಬರುತ್ತಿದ್ದರು. ಬೆಂಕಿ ಬಿದ್ದ ಮನೆಯಿಂದ ಮರಿಮೊಮ್ಮಗಳನ್ನು ಅಗ್ನಿಶಾಮಕ ದಳದವರು ಉಳಿಸಿದ್ದನ್ನು ಹೇಳಿ, ಅದಕ್ಕೇ ಇಶ್ಯೂ 2ಕ್ಕೆ ‘ನೋ’ ಅನ್ನಿ ಅನ್ನುತ್ತಿದ್ದರು. ಆಮೇಲೆ ಕಾನೂನಿನ ಪರ ಇದ್ದ ಗುಂಪು ಅದೇ ಅಜ್ಜಿಯ ದೃಶ್ಯ ತೆಗೆದುಕೊಂಡು ತನ್ನ ಜಾಹೀರಾತಿಗೆ ಹಾಕಿಕೊಂಡಿತು. ಅಗ್ನಿಶಾಮಕದವರನ್ನು ನೆನೆಯುವ ಮಾತು ಉಳಿಯಿತು, ‘ನೋ’ ಹೋಯಿತು. ಅಮ್ಮ ತಟ್ಟೆ ಕೈಯಲ್ಲಿ ಹಿಡಿದೇ ಟಿವಿ ಮುಂದೆ ನಿಂತು, ‘ಅದೇ ಅಜ್ಜಿ ಅಲ್ವಾ? ನಿನ್ನೆ ಬೇಡ ಅಂದರು, ಇವತ್ತು ಬೇಕು ಅಂತಿದ್ದಾರಲ್ಲ’ ಅಂದರು. ಅಜ್ಜಿಗೂ ತುಂಬ ಬೇಸರವಾಗಿತ್ತು, ಹಲವು ಸ್ಟೇಷನ್‌ಗಳು ಆ ಜಾಹೀರಾತು ನಿಲ್ಲಿಸಿದವು. ಕೊನೆಗೆ ನೂರಕ್ಕೆ 61ಕ್ಕಿಂತ ಜಾಸ್ತಿ ಮತ ‘ನೋ’ಗೆ ಬಿದ್ದು ಕಾನೂನು ಹೋಯಿತು.

ನನ್ನ ಕರಡಿನಲ್ಲಿ ಮೊದಲು ‘ಇಲ್ಲ ಎಂದು ಮತ ನೀಡಿ’ ಅಂತ ಇತ್ತು. ಅಮ್ಮನ ಮಾತು ನೆನಪಾದ ಮೇಲೆ ಹೊಡೆದುಹಾಕಿದೆ. ಇಂಗ್ಲಿಷಿನ ಒಂದು ‘ನೋ’ಗೆ ನಮ್ಮಲ್ಲಿ ಇಲ್ಲ, ಅಲ್ಲ, ಬೇಡ ಅಂತ ಮೂರಿವೆ. ಇಲ್ಲಿ ‘ಬೇಡ’ವೇ ಸರಿ ಅಂತ ನನ್ನ ತೀರ್ಮಾನ. ಆದರೆ ಪತ್ರಿಕೆಗಳು ಇಂಥ ಜನಮತದ ಸುದ್ದಿ ಬರೆಯುವಾಗ ‘ಇಲ್ಲ ಪರ ಮತ’ ಅಂತ ಹಾಕೋದನ್ನು ನೋಡಿದ್ದೇನೆ. ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಅದು ರೂಢಿಯಿಂದ ಬಂದದ್ದಾ, ಬೇರೆ ಕಾರಣ ಇದೆಯಾ ಅಂತ ಹೇಳಿ. ಹಾಗೇ ಆ ಹಕ್ಕಿನ ಇಂಗ್ಲಿಷ್ ಹೆಸರು ‘ಕಲೆಕ್ಟಿವ್ ಬಾರ್ಗೇನಿಂಗ್’ಗೆ ಬಳಸುವ ‘ಸಾಮೂಹಿಕ ಚೌಕಾಸಿ’ ಬಗ್ಗೆಯೂ ನಿಮ್ಮ ಅಭಿಪ್ರಾಯ ತಿಳಿಸಿ. ನನಗೆ ಅದು ತರಕಾರಿ ಗಾಡಿಯ ಮುಂದೆ ನಿಂತ ಹಾಗೆ ಕೇಳುತ್ತದೆ. ಅಪ್ಪ ‘ವೇತನ ಒಪ್ಪಂದದ ಮಾತುಕತೆ’ ಅನ್ನುತ್ತಿದ್ದರು, ಕೆಲವು ಸಲ ಬರೀ ‘ಸೆಟ್ಲ್‌ಮೆಂಟ್’.

ಬೆಳಗಾವಿ, ನಿಪ್ಪಾಣಿ ಕಡೆಯವರಿಗೆ ಒಂದು ಪ್ರಶ್ನೆ. ಮರಾಠಿಯಲ್ಲಿ ಪುಢಾರಿ ಅಂದರೆ ಮುಂದೆ ನಡೆಯುವವನು, ಒಳ್ಳೆಯ ಅರ್ಥವೇ. ಕೊಲ್ಹಾಪುರದಲ್ಲಿ ಆ ಹೆಸರಿನ ಪತ್ರಿಕೆಯೂ ಇದೆ. ನಮ್ಮ ‘ಮುಂದಾಳು’ ಕೂಡ ಅದೇ ರೀತಿ ಕಟ್ಟಿದ ಪದ, ಆದರೆ ಅದು ಇವತ್ತಿಗೂ ಒಳ್ಳೆಯದಾಗಿಯೇ ಉಳಿದಿದೆ, ಪುಢಾರಿ ಕೆಟ್ಟಿತು. ನಿಮ್ಮ ಕಡೆಯ ಹಿರಿಯರು ಕನ್ನಡದಲ್ಲಿ ಮಾತಾಡುವಾಗ ಪುಢಾರಿ ಅಂದರೆ ಮೆಚ್ಚುಗೆಯಾ, ಬೈಗುಳವಾ? ಮೆಚ್ಚುಗೆ ಅನ್ನುವುದಾದರೆ ನಾನು ಬೇರೆ ಪದ ಹುಡುಕಬೇಕಾಗುತ್ತದೆ.